ಜಟಿಂಗ ರಾಮೇಶ್ವರದ ಬಂಡೆಯೂ ಅಲೆಕ್ಸಾಂಡ್ರಿಯದ ದೀಪಸ್ತಂಭವೂ

ಜನರು ತಮ್ಮ ಊರನ್ನು ಬಿಟ್ಟು ಪರಸ್ಥಳಗಳಿಗೆ ಹೋಗುವುದಕ್ಕೆ ಕಾರಣಗಳು ಹಲವಾಗಿರುವುವು. ಒಬ್ಬನು ವ್ಯಾಪಾರಕ್ಕಾಗಿ ಹೋಗುವನು. ಮತ್ತೊಬ್ಬನು ತೀರ್ಥಯಾತ್ರೆಗಾಗಿ ಹೋಗುವನು. ಇನ್ನೊಬ್ಬನು ಬಂಧುಗಳನ್ನು ಕಾಣುವುದಕ್ಕಾಗಿ ಹೋಗುವನು. ಈ ಯಾವ ಪ್ರಯೋಜನವೂ ಇಲ್ಲದೆ, ಕೇವಲ ನೋಡಬೇಕೆಂಬ ಕುತೂಹಲದಿಂದಲೇ ಹೊರಡುವವರ ಸಂಖ್ಯೆಯು ನಮ್ಮ ಕಾಲದಲ್ಲಿ ಬಹಳ ಹೆಚ್ಚಿರುವುದು. ಇದು ನಿಂದಿಸತಕ್ಕ ವಿಷಯವಲ್ಲ. ದೇಶಾಟನವು ಜ್ಞಾನಕ್ಕೆ ಸಾಧನವೆಂದು ಹಿರಿಯರೇ ಹೇಳಿರುವರು. ಆದರೆ ಹೀಗೆ ಹೋದವರು ನೋಡಿ ಬಂದುದೇನು, ನೋಡದೆ ಬಂದುದೇನು ಎಂಬುದನ್ನು ಆಗಾಗ್ಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಈ ವಿಚಾರಕ್ಕಾಗಿ ನಾನು ಎರಡು ಸ್ಥಳಗಳನ್ನು ಜೊತೆಯಾಗಿ ಇಟ್ಟುಕೊಂಡಿರುವೆನು. ಒಂದು, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಈಜಿಪ್ಟ್ ದೇಶಕ್ಕೆ ಸೇರಿದ ಅಲೆಕ್ಸಾಂಡ್ರಿಯ ಎಂಬ ನಗರ. ಇನ್ನೊಂದು, ನಮ್ಮ ಚಿತ್ರದುರ್ಗದ ಸೀಮೆಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟ. ಸಮುದ್ರತೀರದ ಆ ಮಹಾನಗರಕ್ಕೂ ಮಳೆ ಕಾಣದ ಈ ಕಲ್ಲುಬೆಟ್ಟಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಕೇಳಬಹುದು. ಹಾಗೆ ಕೇಳುವವರಿಗೆ ನನ್ನ ಒಂದು ತಪ್ಪನ್ನು ಮೊದಲು ನಿವೇದಿಸಿಕೊಳ್ಳುವೆನು.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಉಪಾಧ್ಯಾಯನಾಗಿದ್ದ ಶಾಲೆಯ ಮಕ್ಕಳನ್ನು ಕರೆದುಕೊಂಡು ಜಟಿಂಗ ರಾಮೇಶ್ವರಕ್ಕೆ ಹೋಗಿದ್ದೆನು. ಮೆಟ್ಟಿಲುಗಳನ್ನೇರಿ, ಸ್ವಾಮಿಯ ದರ್ಶನವನ್ನು ಮಾಡಿ, ನೆರಳಿನಲ್ಲಿ ಕುಳಿತು ಬುತ್ತಿಯನ್ನುಂಡು, ಬಿಸಿಲಿಳಿಯುವ ಹೊತ್ತಿಗೆ ಕೆಳಗೆ ಬಂದೆವು. ಮುಂದಿನ ವಾರ ತರಗತಿಯಲ್ಲಿ ಪ್ರಾಚೀನ ಪ್ರಪಂಚದ ಏಳು ಅದ್ಭುತಗಳ ಪಾಠ ಬಂದಿತು. ಅಲೆಕ್ಸಾಂಡ್ರಿಯದ ದೀಪಸ್ತಂಭದ ಚಿತ್ರವನ್ನು ಹಲಗೆಯ ಮೇಲೆ ಬರೆದು, ಅದರ ಎತ್ತರವನ್ನೂ ವೈಭವವನ್ನೂ ನಾನು ಉತ್ಸಾಹದಿಂದ ವರ್ಣಿಸುತ್ತಿದ್ದಾಗ, ಬೆಟ್ಟದ ತಪ್ಪಲಿನ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನು ಎದ್ದು ನಿಂತನು.

"ಈಗ ಅಲ್ಲಿಗೆ ಹೋದರೆ ಆ ದೀಪದ ಕಂಬ ಕಾಣಿಸುತ್ತದೆಯೇ, ಮೇಷ್ಟ್ರೇ?"

"ಇಲ್ಲಪ್ಪ, ಅದು ಭೂಕಂಪದಲ್ಲಿ ಬಿದ್ದುಹೋಗಿ ಆರುನೂರು ವರ್ಷಕ್ಕೂ ಮೇಲಾಯಿತು."

"ನೀವು ಹೇಳಿದಿರಲ್ಲ, ಆ ದೊಡ್ಡ ಪುಸ್ತಕಾಲಯ?"

"ಅದೂ ಇಲ್ಲ."

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೆಟ್ಟದ ಮೇಲೆ ಹಳೇ ಬರಹದ ಬಂಡೆ ಇನ್ನೂ ಇದೆ, ಮೇಷ್ಟ್ರೇ. ಮೊನ್ನೆ ನಾವು ಅದರ ಪಕ್ಕದಲ್ಲೇ ಹೋದೆವು. ನೀವು ತೋರಿಸಲಿಲ್ಲ" ಎಂದನು.

ಅವನು ಆಕ್ಷೇಪಿಸುವುದಕ್ಕಾಗಿ ಹೇಳಿದ ಮಾತಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ನಾಟಿಕೊಂಡಿತು. ಇಲ್ಲದ ವಸ್ತುವನ್ನು ಬಾಯಿಪಾಠದಿಂದ ವರ್ಣಿಸುತ್ತಿದ್ದ ನಾನು, ಕಾಲ ಬಳಿಯಲ್ಲಿದ್ದ ವಸ್ತುವನ್ನು ಕಣ್ಣೆತ್ತಿ ನೋಡಿರಲಿಲ್ಲ. ಅಂದಿನಿಂದ ಈ ಎರಡು ಸ್ಥಳಗಳ ವಿಷಯವಾಗಿ ದೊರೆತುದನ್ನೆಲ್ಲಾ ಓದುತ್ತಾ ಬಂದೆನು. ಓದಿದಂತೆಲ್ಲಾ, ಆ ಬಾಲಕನು ಅರಿಯದೆಯೇ ಒಂದು ದೊಡ್ಡ ನಿಜದ ಬಾಗಿಲನ್ನು ತಟ್ಟಿದ್ದನೆಂಬುದು ತಿಳಿಯಬಂದಿತು.

ಮೊದಲು ಅಲೆಕ್ಸಾಂಡ್ರಿಯವನ್ನು ನೋಡೋಣ. ಆ ನಗರವನ್ನು ನಾನು ಕಂಡವನಲ್ಲ, ಗ್ರಂಥಗಳಿಂದ ಬಲ್ಲೆನು. ಗ್ರೀಕರ ಅಲೆಕ್ಸಾಂಡರನು ಕ್ರಿಸ್ತಪೂರ್ವ ೩೩೧ರಲ್ಲಿ ಅದಕ್ಕೆ ಅಸ್ತಿಭಾರವನ್ನು ಹಾಕಿಸಿದನು. ಅವನ ತರುವಾಯ ಅವನ ಸೇನಾಪತಿಯಾದ ಟಾಲೆಮಿಯೂ ಆತನ ವಂಶಜರೂ ಅಲ್ಲಿಂದ ಈಜಿಪ್ಟನ್ನು ಆಳಿದರು. ತೀರಕ್ಕೆ ಎದುರಾಗಿದ್ದ ಫಾರೋಸ್ ಎಂಬ ನಡುಗಡ್ಡೆಯನ್ನು ಕಟ್ಟೆಯೊಂದರಿಂದ ನಗರಕ್ಕೆ ಸೇರಿಸಿ, ಅದರ ತುದಿಯಲ್ಲಿ ನೂರು ಮೀಟರಿಗೂ ಹೆಚ್ಚು ಎತ್ತರವಾದ ದೀಪಸ್ತಂಭವನ್ನು ನಿಲ್ಲಿಸಿದರು. ಅದು ಪೂರ್ತಿಯಾದುದು ಸುಮಾರು ಕ್ರಿಸ್ತಪೂರ್ವ ೨೮೦ರಲ್ಲಿ, ಎರಡನೆಯ ಟಾಲೆಮಿಯ ಕಾಲದಲ್ಲಿ. ಅದೇ ರಾಜವಂಶದ ಆಶ್ರಯದಲ್ಲಿ ವಿದ್ವಾಂಸರ ಮಠದಂತಿದ್ದ ಮ್ಯೂಸಿಯಂ ಎಂಬ ಸಂಸ್ಥೆಯೂ, ಅದರೊಡನೆ ಲೋಕಪ್ರಸಿದ್ಧವಾದ ಪುಸ್ತಕಾಲಯವೂ ಬೆಳೆದುವು. ಭೂಮಿಯ ಸುತ್ತಳತೆಯನ್ನು ನೆರಳಿನ ಅಳತೆಯಿಂದ ಗಣಿಸಿದ ಎರಟೋಸ್ತನೀಸನು ಆ ಪುಸ್ತಕಾಲಯದ ಅಧಿಕಾರಿಯಾಗಿದ್ದನು.

ಈಗ ಅಲ್ಲಿಗೆ ಹೋದ ಯಾತ್ರಿಕನಿಗೆ ಕಾಣುವುದೇನು? ದೀಪಸ್ತಂಭವು ೧೩೦೩ರ ಮತ್ತು ೧೩೨೩ರ ಭೂಕಂಪಗಳಲ್ಲಿ ಜರ್ಜರಿತವಾಯಿತು. ೧೩೨೬ರಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತನು ಅದರ ಒಂದು ಮುಖವು ಬಿದ್ದಿರುವುದನ್ನು ಕಂಡನು; ೧೩೪೯ರಲ್ಲಿ ಮತ್ತೆ ಬಂದಾಗ ಅದರೊಳಕ್ಕೆ ಕಾಲಿಡುವುದೂ ಸಾಧ್ಯವಿರಲಿಲ್ಲ. ಅದಿದ್ದ ಜಾಗದಲ್ಲಿ ಸುಲ್ತಾನ ಕೈತ್‌ಬೇ ಎಂಬಾತನು ೧೪೭೭ರಿಂದ ಕಟ್ಟಿಸಿದ ಕೋಟೆಯು ನಿಂತಿರುವುದು. ಕಲ್ಲುಗಳಲ್ಲಿ ಹಲವು ಸಮುದ್ರದೊಳಗೆ ಮಲಗಿರುವುವು. ೧೯೯೪ರಲ್ಲಿ ಫ್ರೆಂಚ್ ವಿದ್ವಾಂಸರು ನೀರಿನಲ್ಲಿ ಮುಳುಗಿ ಅವುಗಳನ್ನು ಗುರುತಿಸಿದರು. ಸೆರಾಪಿಸ್ ದೇವರ ಮಹಾಲಯವು ಕ್ರಿಸ್ತಶಕ ೩೯೧ರಲ್ಲಿ ನಾಶವಾಯಿತು; ಆ ಪ್ರದೇಶದಲ್ಲಿ ಕೆಂಪು ಕಲ್ಲಿನ ಏಕಶಿಲಾಸ್ತಂಭವೊಂದು ಉಳಿದಿರುವುದು. ಅದನ್ನು ಪಾಂಪೆಯ ಕಂಬವೆಂದು ಕರೆಯುವರಾದರೂ ಪಾಂಪೆಗೂ ಅದಕ್ಕೂ ಸಂಬಂಧವಿಲ್ಲ. ಅದು ಡಯೊಕ್ಲೀಷಿಯನ್ ಚಕ್ರವರ್ತಿಯ ಗೌರವಕ್ಕಾಗಿ ನಿಲ್ಲಿಸಿದುದು. ಕ್ಲಿಯೋಪಾತ್ರೆಯ ಸೂಜಿಗಳೆಂದು ಹೆಸರಾದ ಎರಡು ಶಿಲಾಸ್ತಂಭಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗನ್ನೇರಿ, ಒಂದು ಲಂಡನ್ನಿಗೂ ಒಂದು ನ್ಯೂಯಾರ್ಕಿಗೂ ಹೋದುವು. ಪುಸ್ತಕಾಲಯದ ಗೋಡೆಯ ಕಲ್ಲೊಂದನ್ನೂ ಯಾರೂ ತೋರಿಸಲಾರರು.

ಇಷ್ಟಾದರೂ ಆ ನಗರಕ್ಕೆ ಹೋಗುವವರು ಕಡಿಮೆಯಾಗಿಲ್ಲ. ಏಕೆಂದರೆ ಅಲ್ಲಿಯವರು ಕಳೆದುಹೋದುದನ್ನು ಮರೆಯಲಿಲ್ಲ. ಗ್ರೀಕ್ ಮತ್ತು ರೋಮನ್ ಕಾಲದ ವಸ್ತುಗಳಿಗಾಗಿ ೧೮೯೨ರಲ್ಲಿಯೇ ಒಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಹಳೆಯ ಪುಸ್ತಕಾಲಯದ ಸ್ಮರಣೆಗಾಗಿ ಸಮುದ್ರದ ದಡದಲ್ಲಿ ಹೊಸದೊಂದು ಪುಸ್ತಕಾಲಯವನ್ನು ಕಟ್ಟಿ ೨೦೦೨ರಲ್ಲಿ ತೆರೆದರು. ಅದರ ಹೊರಗೋಡೆಯ ಕಲ್ಲಿನ ಮೇಲೆ ಲೋಕದ ನಾನಾ ಲಿಪಿಗಳ ಅಕ್ಷರಗಳನ್ನು ಕೊರೆಸಿರುವರು. ವಸ್ತು ಹೋಗಿ ನೆನಪು ಉಳಿದ ಸ್ಥಳ ಅಲೆಕ್ಸಾಂಡ್ರಿಯ.

ಇನ್ನು ನಮ್ಮ ಬೆಟ್ಟಕ್ಕೆ ಬರೋಣ. ಸಮುದ್ರಮಟ್ಟದಿಂದ ೩,೪೬೯ ಅಡಿಗಳಷ್ಟು ಎತ್ತರವಾದ ಈ ಜಟಿಂಗ ರಾಮೇಶ್ವರವು ಬ್ರಹ್ಮಗಿರಿಗೂ ಸಿದ್ದಾಪುರಕ್ಕೂ ಸಮೀಪದಲ್ಲಿಯೇ ಇರುವುದು. ರಾವಣನು ಸೀತಾದೇವಿಯನ್ನು ಕದ್ದೊಯ್ಯುವಾಗ ಅಡ್ಡಗಟ್ಟಿ ಕಾದಾಡಿದ ಜಟಾಯುವು ಬಿದ್ದುದು ಇಲ್ಲಿಯೇ ಎಂದೂ, ಶ್ರೀರಾಮನೇ ಇಲ್ಲಿಯ ಲಿಂಗವನ್ನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣವು ಹೇಳುವುದು. ಇದೇ ಪ್ರತೀತಿಯು ಲೇಪಾಕ್ಷಿ ಮೊದಲಾದ ಬೇರೆ ಸ್ಥಳಗಳಲ್ಲಿಯೂ ಉಂಟು; ಅದರಿಂದ ಭಕ್ತರ ಶ್ರದ್ಧೆಗೆ ಕುಂದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಬೆಟ್ಟದ ಮೇಲೆ ದೊರೆತಿರುವುದರಿಂದ, ಕ್ಷೇತ್ರವು ಸಾವಿರ ವರ್ಷಗಳಿಗೆ ಕಡಿಮೆಯಿಲ್ಲದೆ ಪೂಜೆಗೊಳ್ಳುತ್ತಿರುವುದೆಂದು ನಿಸ್ಸಂದೇಹವಾಗಿ ಹೇಳಬಹುದು.

ಆದರೆ ದೇವಾಲಯಕ್ಕೆ ಏರುವ ಮೆಟ್ಟಿಲುಗಳ ಸಮೀಪದಲ್ಲಿ ಓರೆಯಾಗಿ ಮಲಗಿರುವ ಒಂದು ಬಂಡೆಯು ಇವೆಲ್ಲಕ್ಕಿಂತ ಬಹಳ ಹಳೆಯದಾದ ಅಕ್ಷರಗಳನ್ನು ಧರಿಸಿರುವುದು. ಜನರು ಅದನ್ನು ಬಳೆಗಾರರ ಗುಂಡು ಎಂದು ಕರೆಯುತ್ತಿದ್ದರು. ಜಾತ್ರೆಯ ಕಾಲದಲ್ಲಿ ಬಳೆ ಮಾರುವವರು ಅಲ್ಲಿ ತಮ್ಮ ಅಂಗಡಿಗಳನ್ನು ಹೂಡುತ್ತಿದ್ದುದೇ ಆ ಹೆಸರಿಗೆ ಕಾರಣ. ಮೈಸೂರು ಸಂಸ್ಥಾನದ ಶಾಸನಗಳ ಸಂಪಾದಕರಾಗಿದ್ದ ಬಿ. ಎಲ್. ರೈಸ್ ಎಂಬವರು ೧೮೯೨ರಲ್ಲಿ, ಎಂದರೆ ಅಲೆಕ್ಸಾಂಡ್ರಿಯದಲ್ಲಿ ಆ ವಸ್ತುಸಂಗ್ರಹಾಲಯವು ತಲೆಯೆತ್ತಿದ ವರ್ಷದಲ್ಲಿಯೇ, ಈ ಬರಹವನ್ನೂ, ಬ್ರಹ್ಮಗಿರಿಯ ಅಕ್ಷರಗುಂಡಿನ ಮತ್ತು ಸಿದ್ದಾಪುರದ ಬಂಡೆಯ ಬರಹಗಳನ್ನೂ ಬೆಳಕಿಗೆ ತಂದರು. ಮೂರೂ ಅಶೋಕ ಚಕ್ರವರ್ತಿಯ ಆಜ್ಞೆಗಳು. ಕನ್ನಡ ನಾಡಿನಲ್ಲಿ ಅಶೋಕನ ಶಾಸನಗಳು ಮೊದಲು ದೊರೆತುದು ಈ ಮೂರು ಬಂಡೆಗಳ ಮೇಲೆ. ಅವುಗಳಲ್ಲಿ ಅತ್ಯಂತ ಸವೆದಿರುವುದು ಜಟಿಂಗ ರಾಮೇಶ್ವರದ್ದು. ಬಿಸಿಲು ಮಳೆಗಳೂ, ಎಷ್ಟೋ ತಲೆಮಾರುಗಳ ಜಾತ್ರೆಯ ಜನರ ಪಾದಗಳೂ ಸೇರಿ ಅದನ್ನು ತೇಯ್ದಿರುವುವು. ಅಳಿದ ಸ್ಥಳಗಳನ್ನು ಉಳಿದೆರಡು ಪ್ರತಿಗಳ ಸಹಾಯದಿಂದ ವಿದ್ವಾಂಸರು ತುಂಬಿಕೊಂಡು ಓದಿರುವರು.

ಆ ಬರಹದ ತಾತ್ಪರ್ಯವಿಷ್ಟು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಚಕ್ರವರ್ತಿಯ ಮಾತನ್ನು ತಿಳಿಸುವರು. ತಾನು ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೆಚ್ಚಿನ ಉದ್ಯೋಗವನ್ನು ಮಾಡಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆಯೇ ಚೆನ್ನಾಗಿ ಪ್ರಯತ್ನಿಸಿದೆನೆಂದೂ ಆ ದೊರೆಯು ಒಪ್ಪಿಕೊಳ್ಳುವನು. ಈ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಪ್ರಯತ್ನಿಸಿದರೆ ಚಿಕ್ಕವನಿಗೂ ಸ್ವರ್ಗವು ಸಾಧ್ಯವೆಂದು ಹೇಳುವನು. ಮುಂದೆ, ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ಯೋಗ್ಯವಾಗಿ ನಡೆದುಕೊಳ್ಳಬೇಕು, ಇದು ಪುರಾತನವಾದ ಮರ್ಯಾದೆ ಎಂದು ಮುಗಿಸುವನು. ತನ್ನ ಆಲಸ್ಯವನ್ನು ಬಂಡೆಯ ಮೇಲೆ ಕೊರೆಯಿಸಿಕೊಂಡ ಚಕ್ರವರ್ತಿಯು ಲೋಕದಲ್ಲಿ ಮತ್ತೊಬ್ಬನಿರುವನೋ ತಿಳಿಯದು.

ಈ ಶಾಸನದಲ್ಲಿ ಅಶೋಕನೆಂಬ ಹೆಸರಿಲ್ಲ. ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಪ್ರಾಕೃತರೂಪದಲ್ಲಿರುವುದು. ಹೆಸರು ಸ್ಪಷ್ಟವಾಗಿ ಮೊದಲು ದೊರೆತುದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ೧೯೧೫ರಲ್ಲಿ. ನಾನು ಪಾಠಶಾಲೆಯಲ್ಲಿ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯನ್ನು ಓದುತ್ತಿದ್ದಾಗ, ದೇವಾನಾಂಪ್ರಿಯ ಎಂಬ ಅಲುಕ್ಸಮಾಸಕ್ಕೆ ಮೂರ್ಖನೆಂದು ಅರ್ಥವನ್ನು ಕಲಿತಿದ್ದೆನು. ಸಹಪಾಠಿಗಳು ಒಬ್ಬರನ್ನೊಬ್ಬರು ಹಾಗೆ ಕರೆದು ನಗುತ್ತಿದ್ದೆವು. ಒಂದು ಕಾಲದಲ್ಲಿ ಭರತಖಂಡವನ್ನಾಳಿದವನ ಬಿರುದು ಮುಂದೆ ವೈಯಾಕರಣರ ಬಾಯಲ್ಲಿ ಬೈಗುಳವಾಗುವಷ್ಟು ಆತನ ನೆನಪು ನಮ್ಮಲ್ಲಿ ಮರೆಯಾಗಿದ್ದಿತು. ಬೆಟ್ಟದ ಬಂಡೆಯನ್ನು ನೋಡದೆ ಇಳಿದು ಬಂದ ದಿನ ಆ ಪದವು ಕೌಮುದಿಯ ಅರ್ಥದಲ್ಲಿ ನನಗೇ ಸಲ್ಲುತ್ತಿದ್ದಿತು.

ಈಗ ಅಲೆಕ್ಸಾಂಡ್ರಿಯದ ಸಂಬಂಧವನ್ನು ಹೇಳುವೆನು. ನಮ್ಮ ಬಂಡೆಯ ಬರಹದಲ್ಲಿ ನಾವು ಲೆಕ್ಕ ಹಾಕಿಕೊಳ್ಳತಕ್ಕ ಶಕವರ್ಷವಾವುದೂ ಇಲ್ಲ. ಹಾಗಿರುವಾಗ ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದೆಂದು ನಿಶ್ಚಯಿಸುವುದು ಹೇಗೆ? ಅದಕ್ಕೆ ಮುಖ್ಯವಾದ ಆಧಾರವು ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿರುವುದು. ಆ ಶಾಸನದ ಒಂದು ಪ್ರತಿಯು ನಮ್ಮ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಉಂಟು. ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳಿ, ಧರ್ಮದಿಂದ ಗಳಿಸಿದ ವಿಜಯವೇ ಶ್ರೇಷ್ಠವೆಂದು ಸಾರುವ ಆ ಶಾಸನವು, ಆ ವಿಜಯವು ವ್ಯಾಪಿಸಿದ ದೇಶಗಳನ್ನೆಣಿಸುವಾಗ ಐವರು ಯವನರಾಜರನ್ನು ಹೆಸರಿಸುವುದು. ಅವರಲ್ಲಿ ತುರಮಾಯನೆಂಬವನೇ ಈಜಿಪ್ಟಿನ ಎರಡನೆಯ ಟಾಲೆಮಿ; ಕ್ರಿಸ್ತಪೂರ್ವ ೨೮೫ರಿಂದ ೨೪೬ರವರೆಗೆ ಅಲೆಕ್ಸಾಂಡ್ರಿಯದಲ್ಲಿ ಆಳಿದವನು. ಅಂತಿಯೋಕನು ಸಿರಿಯದ ದೊರೆ. ಮಕನೆಂಬವನು ಅದೇ ಸಮುದ್ರತೀರದ ಸೈರೀನಿ ಎಂಬ ಪಟ್ಟಣದ ಮಾಗಸ್. ಈ ಯವನರ ಕಾಲವು ಅವರ ದೇಶದ ಚರಿತ್ರೆಗಳಿಂದ ಸ್ಪಷ್ಟವಾಗಿ ತಿಳಿದಿರುವುದರಿಂದಲೇ ಅಶೋಕನ ಕಾಲವೂ, ಅದರೊಡನೆ ನಮ್ಮ ಪ್ರಾಚೀನ ಇತಿಹಾಸದ ಕಾಲಗಣನೆಯೂ ಒಂದು ನೆಲೆಗೆ ನಿಂತಿತು.

ಎಂದರೆ, ಬಳೆಗಾರರ ಗುಂಡಿನ ವಯಸ್ಸನ್ನು ನಮಗೆ ಹೇಳುವ ಸಾಕ್ಷಿಗಳಲ್ಲಿ ಅಲೆಕ್ಸಾಂಡ್ರಿಯದ ಅರಸನೂ ಒಬ್ಬನು. ಯಾವ ದೊರೆಯ ಕಾಲದಲ್ಲಿ ಫಾರೋಸಿನ ದೀಪವು ಹತ್ತಿತೋ, ಅದೇ ದೊರೆಯು ಆಳುತ್ತಿದ್ದಾಗಲೇ ನಮ್ಮ ಬೆಟ್ಟದ ಮೇಲೆ ಉಳಿಯ ಸದ್ದು ಕೇಳಿಸಿತೆಂದು ಹೇಳಬಹುದು. ಒಂದೇ ತಲೆಮಾರಿನ ಎರಡು ಕೃತಿಗಳಲ್ಲಿ ಲೋಕದ ಅದ್ಭುತವೆನಿಸಿಕೊಂಡುದು ಸಮುದ್ರವನ್ನು ಸೇರಿತು. ಯಾರ ಪಟ್ಟಿಯಲ್ಲಿಯೂ ಸೇರದಿದ್ದುದು ಇನ್ನೂ ನಮ್ಮ ಕಣ್ಣಮುಂದೆ ಇರುವುದು.

ಬರೆದವನ ವಿಷಯವೂ ಗಮನಾರ್ಹವಾದುದು. ಈ ಶಾಸನಗಳ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಹಾಕಿರುವನು. ಬರಹವೆಲ್ಲವೂ ಬ್ರಾಹ್ಮೀಲಿಪಿಯಲ್ಲಿದ್ದರೆ, ಲಿಪಿಕಾರನೆಂಬ ಕಡೆಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠೀಲಿಪಿಯಲ್ಲಿ ಬರೆದನು. ಆ ಲಿಪಿಯು ಗಾಂಧಾರಾದಿ ವಾಯವ್ಯ ದೇಶಗಳದು. ಯವನರು ಆ ಸೀಮೆಯಲ್ಲಿ ನೆಲೆಸಿದ್ದರು. ಕಂದಹಾರದಲ್ಲಿ ೧೯೫೮ರಲ್ಲಿ ದೊರೆತ ಅಶೋಕನ ಶಾಸನವು ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳಲ್ಲಿಯೇ ಇರುವುದು. ಅಷ್ಟು ದೂರದ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡು ಬಂದವನೊಬ್ಬನು ನಮ್ಮ ಚಿನ್ನ ಹಗರಿಯ ನೀರನ್ನು ಕುಡಿದು ಈ ಕೆಲಸವನ್ನು ಮಾಡಿದನು.

ಅಶೋಕನ ಬಳಿಕವೂ ಈ ಸೀಮೆಗೂ ಆ ಸಮುದ್ರಕ್ಕೂ ನಂಟು ಕಡಿಯಲಿಲ್ಲ. ರೋಮನ್ನರು ಈಜಿಪ್ಟನ್ನು ಗೆದ್ದ ಮೇಲೆ ಅಲೆಕ್ಸಾಂಡ್ರಿಯದ ಸರಕು ನೈಲ್ ನದಿಯ ಮೂಲಕ ಕೆಂಪುಸಮುದ್ರದ ರೇವುಗಳಿಗೆ ಬಂದು, ಮುಂಗಾರಿನ ಗಾಳಿಯನ್ನು ಹಿಡಿದು ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುತ್ತಿದ್ದಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ, ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳಲ್ಲಿ ಅಗಸ್ಟಸ್, ತಿಬೇರಿಯಸ್ ಎಂಬ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ದೊರೆತುವು. ಅದೇ ೧೯೪೭ರಲ್ಲಿ ವೀಲರರು ಬ್ರಹ್ಮಗಿರಿಯನ್ನೂ ಅಗೆಯಿಸಿದರು. ಅಲ್ಲಿ ದೊರೆತ, ಚಕ್ರದ ಗೆರೆಗಳುಳ್ಳ ನಯವಾದ ಮಡಕೆಯ ಚೂರುಗಳನ್ನು ಅವರು ಮೆಡಿಟರೇನಿಯನ್ ದೇಶಗಳ ಮಾದರಿಗೆ ಸೇರಿದುವೆಂದು ಭಾವಿಸಿದ್ದರು. ಆ ಮಡಕೆಗಳು ಭರತಖಂಡದಲ್ಲಿಯೇ ಆದುವೆಂದು ಈಚಿನ ಪರೀಕ್ಷೆಗಳಿಂದ ತಿಳಿದಿರುವುದು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳವನ್ನು ಬರೆದ ಕ್ಲಾಡಿಯಸ್ ಟಾಲೆಮಿಯು ನಮ್ಮ ಬನವಾಸಿಯನ್ನು ಹೆಸರಿಸಿರುವನು. ಆ ನಗರದ ನಾಟ್ಯಶಾಲೆಯಲ್ಲಿ ನೆರೆದ ಜನರೊಳಗೆ ಭಾರತೀಯರೂ ಕೆಲವರಿದ್ದರೆಂದು ಡಯೊ ಎಂಬ ಗ್ರೀಕ್ ವಾಗ್ಮಿಯು ಹೇಳಿರುವನು. ಈಜಿಪ್ಟಿನಲ್ಲಿ ದೊರೆತ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಡಾಕ್ಟರ್ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದುದು ವಾಚಕರಲ್ಲಿ ಹಲವರಿಗೆ ವಿದಿತವೇ ಇದೆ. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಅದನ್ನು ಬಿಟ್ಟರೂ ನಂಟಿಗೆ ಸಾಕ್ಷಿಗಳಿಗೆ ಕೊರತೆಯಿಲ್ಲ.

ಇಷ್ಟನ್ನು ಬರೆದುದು ನಮ್ಮದೇ ದೊಡ್ಡದೆಂದು ಹೊಗಳಿಕೊಳ್ಳುವುದಕ್ಕಲ್ಲ. ಅಲೆಕ್ಸಾಂಡ್ರಿಯದವರು ಇಲ್ಲದ ದೀಪಸ್ತಂಭವನ್ನು ಕಂಡವರಂತೆ ಮಕ್ಕಳಿಗೆ ಹೇಳಬಲ್ಲರು. ನಮ್ಮಲ್ಲಿಯಾದರೋ ವಸ್ತು ಉಳಿದು ನೆನಪು ಹೋಗಿದ್ದಿತು. ಬಂಡೆಯು ಒಂದು ದಿನವೂ ಬೆಟ್ಟವನ್ನು ಬಿಟ್ಟು ಹೋಗಿರಲಿಲ್ಲ. ಅದನ್ನು ಓದಬಲ್ಲವರು ಮಾತ್ರ ಇಲ್ಲದೆ ಹೋಗಿದ್ದರು. ಬಳೆಗಾರರನ್ನು ನಾನು ದೂಷಿಸಲಾರೆನು. ಅವರಿಗೆ ತಿಳಿಸತಕ್ಕವರು ಯಾರೂ ಇರಲಿಲ್ಲ. ಅವರ ವೃತ್ತಿಯ ಹೆಸರೇ ಆ ಬಂಡೆಗೆ ಒಂದು ಗುರುತನ್ನು ಉಳಿಸಿಕೊಟ್ಟಿತು. ಓದಿದವರಾದ ನಮಗೆ ಆ ಸಮಾಧಾನವೂ ಇಲ್ಲ. ಈಗ ಶಾಸನವು ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟಿರುವುದು. ಆದರೆ ಕಾವಲು ಕಲ್ಲನ್ನು ಕಾಯಬಹುದೇ ಹೊರತು ಅರ್ಥವನ್ನು ಕಾಯಲಾರದು. ಅದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಆಗತಕ್ಕ ಕೆಲಸ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಜಟಿಂಗ ರಾಮೇಶ್ವರಕ್ಕೆ ಹೋಗುವವರು ಸ್ವಾಮಿಯ ದರ್ಶನವಾದ ಬಳಿಕ ಆ ಬಂಡೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಾಣುವುದು ಕಷ್ಟ; ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಗೆರೆಗಳು ನೆರಳು ಹಿಡಿದು ತೋರುವುವು. ಅಕ್ಷರಗಳ ಮೇಲೆ ಕಾಲಿಡಬಾರದು, ಕೈಯಿಂದ ಉಜ್ಜಬಾರದು, ಸುಣ್ಣ ಬಳಪಗಳನ್ನು ಬಳಿಯಬಾರದು. ಅದೇ ಪ್ರಯಾಣದಲ್ಲಿ ಬ್ರಹ್ಮಗಿರಿಯನ್ನೂ ಸಿದ್ದಾಪುರವನ್ನೂ ಸೇರಿಸಿಕೊಂಡರೆ ಒಂದೇ ಆಜ್ಞೆಯ ಮೂರು ಪ್ರತಿಗಳನ್ನು ಹೋಲಿಸಿ ನೋಡಿದಂತಾಗುವುದು. ಜೊತೆಯಲ್ಲಿ ಮಕ್ಕಳಿದ್ದರೆ, ತಾಯಿತಂದೆಗಳ, ಪ್ರಾಣಿದಯೆಯ, ಸತ್ಯದ, ಆಚಾರ್ಯನ ಮಾತು ಇದರಲ್ಲಿದೆಯೆಂದು ಹೇಳಬೇಕು; ಇದನ್ನು ಬರೆಯಿಸಿದ ದೊರೆಯು ತನ್ನ ಆಲಸ್ಯವನ್ನು ಮುಚ್ಚಿಡಲಿಲ್ಲವೆಂದೂ ಹೇಳಬೇಕು.

ಆ ಪ್ರಶ್ನೆಯನ್ನು ಕೇಳಿದ ಹುಡುಗನನ್ನೂ ಅವನ ಸಹಪಾಠಿಗಳನ್ನೂ ಮರುವರ್ಷ ಮತ್ತೆ ಬೆಟ್ಟಕ್ಕೆ ಕರೆದುಕೊಂಡು ಹೋದೆನು. ಆ ದಿನ ಬಂಡೆಯನ್ನು ತೋರಿಸಿದವನು ಅವನು. ಓದಿ ಹೇಳಿದವನು ನಾನು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ಸಾಲಿನ ಅರ್ಥವನ್ನು ಹೇಳುವಾಗ ನನ್ನ ಧ್ವನಿಯು ಸ್ವಲ್ಪ ತಗ್ಗಿತು. ಆ ಗೌರವಕ್ಕೆ ಆಚಾರ್ಯನು ಮೊದಲು ಅರ್ಹನಾಗಬೇಕೆಂಬುದನ್ನು ಅಲ್ಲಿ ಯಾರೂ ಬರೆಯದಿದ್ದರೂ, ನಾನು ಆ ಬಂಡೆಯ ಮುಂದೆಯೇ ಕಲಿತೆನು.